ಫ್ಲೆಕ್ಸಿನಲ್ಲಿ ಟೈ ಕಟ್ಟಿದ ಹುಡುಗಿ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆ ಬಾಗಿಲು ಮುಚ್ಚಿದ್ದನ್ನು ಯಾರೂ ನೋಡಿಲ್ಲ. ತರೀಕೆರೆಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ನನ್ನನ್ನು ವರ್ಷವಿಡೀ ಯಾರೂ ಕ್ಯಾರೇ ಅನ್ನುವುದಿಲ್ಲ. ಅಡ್ಮಿಷನ್ ಕಾಲ ಬಂತೋ, "ಸಾರ್, ಆ ಕಾಲೇಜ್ ಒಳ್ಳೇದಾ, ಈ ಕಾಲೇಜ್ ಒಳ್ಳೇದಾ?" ಎಂದು ಊರಿಗೆ ಊರೇ ಬಂದು ಕೂರುತ್ತದೆ. ಕೇಳಲಿ, ಬೇಡ ಅನ್ನುವುದಿಲ್ಲ. ನಾನು ಹೇಳಿದ್ದೊಂದನ್ನು ಬಿಟ್ಟು ಊರವರು ಹೇಳಿದ್ದನ್ನೆಲ್ಲ ನಂಬುತ್ತಾರಲ್ಲ, ಅದಕ್ಕೆ ನನಗೆ ಮೈ ಉರಿಯುವುದು.

ಈ ಸಲವಂತೂ ಒಂದು ಹುಡುಗಿಯ ಸೀಟೇ ಕೈತಪ್ಪುವುದರಲ್ಲಿತ್ತು. ನಮ್ಮ ಬೀದಿಯ ಹಾಸಿಗೆ ಅಂಗಡಿಯವರ ಮಗಳು, ನನ್ನ ವಿದ್ಯಾರ್ಥಿನಿ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು, ಆಸೆಪಟ್ಟ ಎಲೆಕ್ಟ್ರಿಕಲ್ ಇಂಜಿನಿಯರಿಂಗೇ ಸರ್ಕಾರಿ ಕಾಲೇಜಿನಲ್ಲಿ ಸಿಕ್ಕಿತ್ತು. ಶನಿವಾರ ಸಂಜೆಯೊಳಗೆ ಮೊಬೈಲಿನಲ್ಲಿ ಒಪ್ಪಿಗೆ ಒತ್ತಬೇಕು, ಇಲ್ಲದಿದ್ದರೆ ಸೀಟು ಬೇರೆಯವರ ಪಾಲು. ಅವಳ ಅಪ್ಪನದು ಮಾತ್ರ ಒಂದೇ ರಾಗ: "ತಡೀರಿ ಸಾರ್, ಇನ್ನೊಂದೆರಡು ಕಾಲೇಜ್ ನೋಡಿ ಹೇಳ್ತೀನಿ." ಆ ವಾರವನ್ನು ನೆನೆದರೆ ಈಗ ನಗು ಬರುತ್ತದೆ. ಆದರೆ ಮೊದಲು ಬರುವುದು ಸಿಟ್ಟೇ.

ಕಡೂರಿನ ಫ್ಲೆಕ್ಸ್

ಸೋಮವಾರ ಏನೋ ಕೆಲಸಕ್ಕೆ ಕಡೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ತಲೆ ಎತ್ತಿದರೆ ಎದುರಿಗೆ ನಮ್ಮ ಹುಡುಗಿ! ಮನೆಯೆತ್ತರದ ಫ್ಲೆಕ್ಸಿನಲ್ಲಿ ನಗುತ್ತಿದ್ದಾಳೆ. ಕೆಳಗೆ, 'ನಮ್ಮ ವಿದ್ಯಾಸಂಸ್ಥೆಯ ಹೆಮ್ಮೆಯ ಕುಡಿ' ಎಂಬ ಬರಹ. ಯಾವ ಸಂಸ್ಥೆ? ಹೆದ್ದಾರಿ ಪಕ್ಕ ಪಿಯುಸಿಯಿಂದ ಇಂಜಿನಿಯರಿಂಗ್ ತನಕ ಎಲ್ಲವನ್ನೂ ಒಂದೇ ಕಾಂಪೌಂಡಿನಲ್ಲಿ ಮಾರುವ ಒಂದು ಖಾಸಗಿ ಕಾಲೇಜು. ಹುಡುಗಿ ಅದರ ಗೇಟನ್ನೂ ನೋಡಿದವಳಲ್ಲ. ಪತ್ರಿಕೆಯಲ್ಲಿ ಬಂದಿದ್ದ ಅವಳ ಫೋಟೋ ಕದ್ದು, ಕತ್ತಿನಿಂದ ಕೆಳಗೆ ಕೋಟು ಅಂಟಿಸಿ, ಕೆಂಪು ಟೈ ಬೇರೆ ಕಟ್ಟಿದ್ದಾರೆ.

ಅಲ್ಲೇ ನಿಂತು ಫ್ಲೆಕ್ಸಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

"ಆ ಹುಡುಗಿಗೆ ಎರಡು ವರ್ಷ ಪಾಠ ಹೇಳಿದ್ದು ನಾನು. ನಿಮ್ಮಲ್ಲಿ ಯಾವಾಗ್ರೀ ಓದಿದ್ಲು?"

"ಸರ್, ನಮ್ಮ ಆನ್‌ಲೈನ್ ಮಾಕ್ ಟೆಸ್ಟ್ ಅಟೆಂಡ್ ಮಾಡಿದ್ದಾರೆ."

ಹುಡುಗಿಗೆ ಫೋನ್ ಮಾಡಿ ಕೇಳಿದೆ. "ವಾಟ್ಸಪ್ಪಲ್ಲಿ ಒಂದು ಲಿಂಕ್ ಬಂದಿತ್ತು ಸಾರ್. ಒತ್ತಿದೆ, ಓಪನ್ ಆಗ್ಲಿಲ್ಲ, ಬಿಟ್ಬಿಟ್ಟೆ" ಅಂದಳು. ಮತ್ತೆ ಆ ಕಾಲೇಜಿಗೆ ಫೋನ್ ಮಾಡಿ ಹೇಳಿದರೆ, "ಲಿಂಕ್ ಒತ್ತಿದ ಮೇಲೆ ನಮ್ಮ ಸ್ಟೂಡೆಂಟೇ ಸರ್" ಎಂದು ಇಟ್ಟೇಬಿಟ್ಟರು.

ಕೆಂಡಾಮಂಡಲವಾಗಿ ತರೀಕೆರೆಗೆ ಬಂದವನು ನೇರ ಹಾಸಿಗೆ ಅಂಗಡಿಗೆ ಹೋದೆ. "ಭಾಯ್, ನಿಮ್ಮ ಮಗಳ ಫೋಟೋ ಕದ್ದು ಕಡೂರಲ್ಲಿ ನೇತುಹಾಕಿದ್ದಾರೆ. ನಡೀರಿ, ದೂರು ಕೊಡೋಣ!" ಅವರು ಕೈಯಲ್ಲಿದ್ದ ದಬ್ಬಳ ಕೆಳಗಿಟ್ಟರು. ಮುಖ ಕೆಂಪಾಯಿತು. ಇನ್ನೇನು ಇವರೂ ಸಿಡಿಯುತ್ತಾರೆ ಅಂದುಕೊಂಡೆ. ಅಂಗಡಿ ಬಾಗಿಲೆಳೆದು ಸೀದಾ ಕಡೂರು ಬಸ್ ಹತ್ತಿದರು. ಸಂಜೆ ಬಂದು ನನ್ನ ಕಣ್ಣೆದುರಿಗೆ ಮೊಬೈಲ್ ಹಿಡಿದರು. ಫ್ಲೆಕ್ಸಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದರು!

"ನಮ್ಮ ಖಾನ್‌ದಾನಲ್ಲಿ ಯಾರ ಫೋಟೋನೂ ಇಷ್ಟು ದೊಡ್ಡದಾಗಿ ಬಂದಿಲ್ಲ ಸಾರ್. ಮಗಳಿಗೆ ಇಷ್ಟು ಮರ್ಯಾದೆ ಕೊಟ್ಟವರ ಕಾಲೇಜ್ನ ಒಂದ್ಸಲ ನೋಡ್ಬೇಡ್ವಾ?"

ಹಾಸಿಗೆ ಪರೀಕ್ಷೆ

ಮೊದಲು ಸೀಟು ಸಿಕ್ಕಿರುವ ಸರ್ಕಾರಿ ಕಾಲೇಜನ್ನಾದರೂ ನೋಡಿ ಬನ್ನಿ ಎಂದು ಗದರಿ ಕಳಿಸಿದೆ. ಬುಧವಾರ ಹೋಗಿ ಬಂದರು. ಸಂಜೆ ಅವರ ಮನೆಗೆ ಹೋಗಿ ಹೇಗಿದೆ ಅಂದರೆ ಮುಖ ಸಿಂಡರಿಸಿದರು.

"ಬೇಡ ಸಾರ್. ಹತ್ತಿ ಗಂಟು ಕಟ್ಟಿಬಿಟ್ಟೈತೆ."

"ಯಾವ ಹತ್ತೀರೀ?"

"ಹಾಸ್ಟೆಲ್ ಹಾಸಿಗೇದು. ಒತ್ತಿ ನೋಡಿದೆ. ಬಿಚ್ಚಿ ಹೊಡೆಸಿ ಎಷ್ಟು ಕಾಲ ಆಗೈತೋ ಏನೋ."

ನನ್ನ ಪಿತ್ತ ನೆತ್ತಿಗೇರಿತು. ಲ್ಯಾಬ್ ನೋಡಿದರಾ? ಇಲ್ಲ. ಲೈಬ್ರರಿ? ಇಲ್ಲ. ಮೇಷ್ಟ್ರುಗಳನ್ನು ಮಾತಾಡಿಸಿದರಾ? ಊಹೂಂ. ಅಷ್ಟು ದೂರ ಬಸ್ಸಿನಲ್ಲಿ ಹೋಗಿ, ವಾರ್ಡನ್ ಕೈಕಾಲು ಹಿಡಿದು, ಹಾಸಿಗೆ ಒತ್ತಿ ಬಂದಿದ್ದಾರೆ. ಹಿಂದೆ ನಿಂತಿದ್ದ ಮಗಳ ಕಣ್ಣಲ್ಲಿ ನೀರು. "ಅಬ್ಬಾಗೆ ನೀವೇ ಹೇಳಿ ಸಾರ್, ನಂಗೆ ಎಲೆಕ್ಟ್ರಿಕಲ್ಲೇ ಬೇಕು, ಅಲ್ಲೇ ಬೇಕು" ಅಂದಳು.

ನಾನು ದನಿ ಏರಿಸಿದೆ. "ಭಾಯ್, ಮಗಳು ಕಾಲೇಜಿಗೆ ಹೋಗೋದು ಓದೋಕೆ, ಮಲಗೋಕಲ್ಲ!"

ಅವರು ಬಹಳ ವಿನಯದಿಂದ ಅಂದರು: "ಅದು ಸರಿ ಸಾರ್. ಆದ್ರೆ ನಿಮ್ಮ ಕ್ಲಾಸಲ್ಲೇ ಅರ್ಧಕ್ಕರ್ಧ ಮಕ್ಕಳು ಮಲಗಿರ್ತಾವಂತೆ, ಇವಳೇ ಹೇಳ್ತಾಳೆ. ಅದೂ ಹಾಸಿಗೆ ಇಲ್ದೇನೆ!"

ಮಗಳು ನೆಲ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಅಜ್ಜಂಪುರದ ಮೇಳ

ಶುಕ್ರವಾರ ಅಜ್ಜಂಪುರದ ಕಲ್ಯಾಣಮಂಟಪದಲ್ಲಿ ಶಿಕ್ಷಣ ಮೇಳ. ಹತ್ತಾರು ಕಾಲೇಜುಗಳು ಒಂದೇ ಸೂರಿನಡಿ, ಹೋಲಿಸಿ ನೋಡಿ ಆರಿಸಿಕೊಳ್ಳಿ ಎಂದು ಆಟೋದಲ್ಲಿ ಕೂಗಿಸಿದ್ದರು. ಹೋಲಿಸುವುದಾದರೂ ಏನನ್ನು? ಒಂದು ಮಳಿಗೆಯಲ್ಲಿ ಬ್ಯಾಗು ಕೊಡುತ್ತಿದ್ದರು, ಇನ್ನೊಂದರಲ್ಲಿ ಛತ್ರಿ. ಜನ ಛತ್ರಿಯ ಕಡೆ ನುಗ್ಗುತ್ತಿದ್ದರು. ನಾನೂ ಹಾಸಿಗೆ ಅಂಗಡಿಯವರೂ ಒಳಗೆ ಹೋಗುವಷ್ಟರಲ್ಲಿ ಪಂಚನಹಳ್ಳಿಯ ರೈತರೊಬ್ಬರು ಒಂದು ಮಳಿಗೆಯ ಮುಂದೆ ಪಟ್ಟು ಹಿಡಿದು ನಿಂತಿದ್ದರು.

"ಅದೆಲ್ಲ ಇರ್ಲಿ ಕಣಪ್ಪಾ, ಹಾಸ್ಟೆಲಿಗೆ ನೀರು ಎಲ್ಲಿಂದ? ಬೋರ್ ಎಷ್ಟು ಅಡಿ?"

ಮಳಿಗೆಯವನು ಉಬ್ಬಿಹೋದ. "ನೀರಾ ಸರ್? ನಮ್ಮಲ್ಲಿ ಸ್ವಿಮ್ಮಿಂಗ್ ಪೂಲೇ ಇದೆ!"

"ಈಜೋಕಾತು. ಕುಡಿಯೋಕೆ?"

"ಕುಡಿಯೋಕೆ... ಟ್ಯಾಂಕರ್ ಬರುತ್ತೆ ಸರ್."

ರೈತರು ಛತ್ರಿಯನ್ನೂ ಮುಟ್ಟದೆ ಹೊರಟುಹೋದರು. ಪಕ್ಕದ ಮಳಿಗೆಯಲ್ಲಿ 'ಎಲ್ಲರಿಗೂ ಕೆಲಸ ಗ್ಯಾರಂಟಿ' ಎಂದು ಬರೆದಿತ್ತು. ನನಗೆ ತಡೆಯಲಾಗಲಿಲ್ಲ. ಮೇಜಿನ ಹಿಂದೆ ಕೋಟು ಹಾಕಿಕೊಂಡು ಬೆವರುತ್ತಿದ್ದವನನ್ನು ತರಾಟೆಗೆ ತೆಗೆದುಕೊಂಡೆ.

"ಕಂಪನಿ ಹೆಸರು, ಅಂಕಿ ಅಂಶ ಎಲ್ಲ ಬೇಡ. ನಿಮ್ಮಲ್ಲಿ ಓದಿ ಕೆಲಸ ಸಿಕ್ಕಿದ ಒಬ್ಬನೇ ಒಬ್ಬನ್ನ ತೋರಿಸ್ರೀ, ಸಾಕು."

ಅವನು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದ: "ನಾನೇ ಸರ್. ಮೆಕ್ಯಾನಿಕಲ್ ಮುಗಿಸಿದೆ. ಮಕ್ಕಳನ್ನ ಸೇರಿಸೋ ಕೆಲಸ ಅವರೇ ಕೊಟ್ರು."

ಗೋಡೆಯ ಮೇಲಿನ ಫೋಟೋ

ಶನಿವಾರ ಕೊನೆಯ ದಿನ. ಬೆಳಿಗ್ಗೆಯೇ ಅಪ್ಪ ಮಗಳು ನಮ್ಮ ಮನೆ ಬಾಗಿಲಲ್ಲಿ. ಅಪ್ಪ ಹೊಸ ಅಂಗಿ ತೊಟ್ಟು, ಕೈಯಲ್ಲಿ ಸಿಹಿ ಡಬ್ಬ ಹಿಡಿದಿದ್ದರು. ಫ್ಲೆಕ್ಸ್ ಹಾಕಿದ ಕಾಲೇಜಿಗೆ ಹೋಗೋಣ, ನೀವೂ ಬನ್ನಿ ಅಂದರು. ನಾನು ಹೊರಟಿದ್ದು ಕಾಲೇಜು ನೋಡುವುದಕ್ಕಲ್ಲ, ಜಗಳ ಕಾಯುವುದಕ್ಕೆ. ದಾರಿಯುದ್ದಕ್ಕೂ ಏನೇನು ಬಯ್ಯಬೇಕೆಂದು ಸಾಲುಸಾಲಾಗಿ ಜೋಡಿಸಿಕೊಂಡೆ. ಮಗಳು ಕಿಟಕಿ ಕಡೆ ತಿರುಗಿ ಕೂತಿದ್ದಳು.

ಎಸಿ ಕೋಣೆಯಲ್ಲಿ ಕೌನ್ಸೆಲರ್ ಮೇಡಂ ಒಬ್ಬರು ನಮ್ಮನ್ನು ಕೂರಿಸಿದರು. ಅವರ ತಲೆಯ ಮೇಲೆ ಗೋಡೆಗೆ ಅದೇ ಫ್ಲೆಕ್ಸಿನ ಫೋಟೋ, ಕಟ್ಟು ಹಾಕಿಸಿದ್ದು. ಕೋಟು, ಕೆಂಪು ಟೈ, ನಗು. ಕೆಳಗೆ ಕುರ್ಚಿಯಲ್ಲಿ ಅದೇ ಹುಡುಗಿ. ಅಪ್ಪ ಸಿಹಿ ಡಬ್ಬವನ್ನು ಮೇಜಿನ ಮೇಲಿಟ್ಟು, ಈಗ ಮೇಡಂ ಮಗಳನ್ನು ಗುರುತಿಸಿ ಎದ್ದು ನಿಲ್ಲುತ್ತಾರೆ ಎಂದು ಕಾದು ಕೂತರು. ಮೇಡಂ ಅಂಕಪಟ್ಟಿಯನ್ನೂ ತೆರೆಯಲಿಲ್ಲ. ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಸರ್ಕಾರಿ ಕಾಲೇಜಲ್ಲಿ ಓದಿದ್ದಾ? ಬೇಸಿಕ್ಸ್ ವೀಕ್ ಇರುತ್ತೆ. ಪರವಾಗಿಲ್ಲ, ನಾವು ರೆಡಿ ಮಾಡ್ತೀವಿ. ಇಲ್ನೋಡಮ್ಮ, ಇವಳು ನಮ್ಮ ಟಾಪರ್. ಇವಳ ಥರ ಆಗ್ಬೇಕು ಅಂದ್ರೆ ನೀನಿನ್ನೂ ತುಂಬಾ ಕಷ್ಟಪಡ್ಬೇಕು."

ನಾನು ಬಾಯಿ ತೆರೆದೆ. ಜೋಡಿಸಿಟ್ಟಿದ್ದ ಬೈಗುಳ ಶುರುಮಾಡುವಷ್ಟರಲ್ಲಿ ಹುಡುಗಿಯೇ ಕೇಳಿದಳು, "ಇವರು ಇಲ್ಲೇ ಇದ್ರಾ ಮೇಡಂ?"

"ಎರಡು ವರ್ಷ ನಮ್ಮ ಹಾಸ್ಟೆಲಲ್ಲೇ! ಮನೆ ನೆನಪಾಗುತ್ತೆ ಅಂತ ನನ್ನ ಹತ್ರ ಬಂದು ಅಳ್ತಿದ್ಲು ಪಾಪ."

ಅಪ್ಪ ಮೆಲ್ಲಗೆ ಮುಂದಕ್ಕೆ ಬಾಗಿದರು. "ಈ ಹುಡುಗಿ ತಂದೆ ಏನ್ಮಾಡ್ತಾರೆ ಮೇಡಂ?"

"ದೊಡ್ಡ ಡಾಕ್ಟರ್ ಸರ್. ನಾಕು ಕಡೆ ವಿಚಾರಿಸಿ, ಕೊನೆಗೆ ನಮ್ಮಲ್ಲೇ ಸೇರಿಸಿದ್ರು. ಹಾಸ್ಟೆಲ್ ನೋಡಿ ಅವರಿಗೆ ಭಾಳ ಖುಷಿಯಾಯ್ತು."

"ಹಾಸಿಗೆ ಒತ್ತಿ ನೋಡಿದ್ರಾ?"

"ಏನ್ ಸರ್?"

"ಏನಿಲ್ಲ ಬಿಡಿ." ವಾರವಿಡೀ ನಾನು ಕೂಗಾಡಿ ತರಿಸಲಾಗದ ಸಿಟ್ಟು ಆ ಮನುಷ್ಯನಿಗೆ ಆಗ ಬಂದಿತ್ತು. ಮಗಳ ಕಡೆ ತಿರುಗಿ, "ಬೇಟಾ, ಮೊಬೈಲ್ ತೆಗಿ. ಆ ಸರ್ಕಾರಿ ಸೀಟು ಈಗ್ಲೇ ಒಪ್ಕೊ. ಹಾಸಿಗೆ ನಾನು ಹೊಸದು ಹೊಲಿದು ಕೊಡ್ತೀನಿ" ಅಂದರು.

ಅವಳು ಒತ್ತಿದಳು. ಒತ್ತಿದ್ದು ಸರಿಯಾಗಿದೆಯೇ ಎಂದು ನನಗೆ ತೋರಿಸಿದಳು. ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದೆ. ಆಗಿತ್ತು.

ಹುಡುಗಿ ಮೊಬೈಲ್ ಹಿಡಿದದ್ದಷ್ಟೇ ಮೇಡಂಗೆ ಕಂಡಿತ್ತು. "ಆನ್‌ಲೈನ್ ಅಪ್ಲಿಕೇಶನ್ ಹಾಕಿದ್ರಾ? ವೆರಿ ಗುಡ್. ಹಾಗೇ ಹುಡುಗಿದು ಒಂದು ಫೋಟೋ ಕೊಟ್ಬಿಡಿ ಸರ್."

ಹಾಸಿಗೆ ಅಂಗಡಿಯವರು ಎದ್ದು ನಿಂತರು. ಮೇಜಿನ ಮೇಲಿಟ್ಟಿದ್ದ ಸಿಹಿ ಡಬ್ಬವನ್ನು ವಾಪಸ್ ತೆಗೆದು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ಬೆರಳು ಮಾಡಿದರು.

"ಫೋಟೋ ಅಲ್ಲೇ ಐತಲ್ಲ ಮೇಡಂ. ಆ ಟೈ ನಿಮ್ದು, ಬಿಚ್ಚಿಟ್ಕೊಳ್ಳಿ. ಮಗಳು ನಂದು, ಕರ್ಕೊಂಡು ಹೋಗ್ತೀನಿ."