ಪಂಪಣ್ಣನವರ ಗಾಲ್ಫ್ ಮೈದಾನಗಳು

ಎದುರುಮನೆಯಾಕೆಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಆಕೆಯ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಪಂಪಣ್ಣನವರಿಗೆ ಆ ಭಾನುವಾರ ಬೆಳಿಗ್ಗೆ ಕಂಡವರ ಬೂಟಿನೊಳಗೆ ಕಾಲು ತುರುಕುವ ಗತಿಯೂ ಬರುತ್ತಿರಲಿಲ್ಲ.

ಆಕೆ ಹೇಳಿದ್ದು ಅಪ್ಪಟ ನಿಜ. ಮಗಳು ಮೆಚ್ಚಿದ ಹುಡುಗನ ಮನೆಯಿಂದ ಫೋನು ಬಂದಾಗ ಪಂಪಣ್ಣನವರ ಹೆಂಡತಿ ಸ್ನಾನಕ್ಕೆ ಹೋಗಿದ್ದರು. ಸಕ್ಕರೆ ಕೇಳಲು ಬಂದಿದ್ದ ಎದುರುಮನೆಯಾಕೆ ತಾವೇ ಫೋನು ಎತ್ತಿಕೊಂಡರು. ಹುಡುಗನ ತಂದೆ ಡಾಕ್ಟರು, ಅವರಿಗೆ ಗಾಲ್ಫ್ ಎಂದರೆ ಪ್ರಾಣ ಎಂದು ಯಾರೋ ಹೇಳಿದ್ದು ಸಮಯಕ್ಕೆ ಸರಿಯಾಗಿ ನೆನಪಾಯಿತು. "ನಮ್ಮ ಪಂಪಣ್ಣ ಕಾಲಿಡದ ಗಾಲ್ಫ್ ಮೈದಾನ ಈ ದೇಶದಲ್ಲೇ ಇಲ್ಲ ಡಾಕ್ಟ್ರೇ" ಎಂದುಬಿಟ್ಟರು.

ಕಾಲಿಟ್ಟದ್ದು ಹೌದು. ಪಂಪಣ್ಣನವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಪಂಪು ತಯಾರಿಸುವ ಕಂಪನಿಯ ರಿಪೇರಿ ವಿಭಾಗದಲ್ಲಿ ತಲೆ ನರೆಯುವಷ್ಟು ಕಾಲ ದುಡಿದದ್ದರಿಂದ ಆ ಹೆಸರು ಸವೆದುಹೋಗಿ ಇದು ಉಳಿದುಕೊಂಡಿತ್ತು. ಗಾಲ್ಫ್ ಮೈದಾನದ ಹುಲ್ಲು ಆನೆಯ ಹಾಗೆ ನೀರು ಕುಡಿಯುತ್ತದೆ. ನೀರೆತ್ತಲು ಪಂಪು ಬೇಕು, ಪಂಪು ಎಂದ ಮೇಲೆ ಕೆಡಬೇಕು. ಕೆಟ್ಟಾಗಲೆಲ್ಲ ಪಂಪಣ್ಣ ಹೋಗುತ್ತಿದ್ದರು. ಹಿಂದಿನ ಗೇಟಿನಿಂದ ಒಳಗೆ ಹೋಗಿ, ತಗಡಿನ ಮಾಡಿನ ಪಂಪ್‌ಹೌಸಿನಲ್ಲಿ ಬಗ್ಗಿ ಕೂತು, ಕೆಲಸ ಮುಗಿಸಿ ಹಿಂದಿನ ಗೇಟಿನಿಂದಲೇ ಹೊರಗೆ ಬರುವುದು. ಸಮುದ್ರದ ಪಕ್ಕದ ಮೈದಾನ ಎಂದರೆ ಅವರಿಗೆ ನೆನಪಾಗುವುದು ಪೈಪಿನಲ್ಲಿ ಕಟ್ಟಿಕೊಂಡ ಮರಳು. ಬೆಟ್ಟದ ಮೇಲಿನದು ಎಂದರೆ ಮೋಟರಿನ ಬೆಚ್ಚಗಿನ ಬೆನ್ನ ಮೇಲೆ ಮರಿ ಹಾಕಿದ್ದ ಬೆಕ್ಕು. ಹೊರಗೆಲ್ಲೋ ಚೆಂಡಿಗೆ ಕೋಲು ತಗುಲಿ ಟಕ್ ಎಂದರೆ, ಯಾವುದೋ ಬೇರಿಂಗ್ ಹೋಯಿತು ಎಂದುಕೊಂಡು ಮೋಟರಿಗೆ ಕಿವಿಗೊಡುತ್ತಿದ್ದರು.

ಇಂಥವರನ್ನು ಡಾಕ್ಟರು ಮೈದಾನಕ್ಕೆ ಕರೆದಿದ್ದರು. "ಮನುಷ್ಯನ ಗುಣ ಸೋಫಾದ ಮೇಲೆ ಗೊತ್ತಾಗಲ್ಲ. ಹುಡುಗಿಯ ತಂದೆ ನನ್ನ ಜೊತೆ ಒಂದು ಸುತ್ತು ನಡೀಲಿ. ಮದುವೆ ಮಾತು ಆಮೇಲೆ" ಎಂದು ಹೇಳಿ ಕಳಿಸಿದ್ದರು. ಮಗಳೂ ಆ ಹುಡುಗನೂ ಓದುವ ಕಾಲದಿಂದ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಎರಡೂ ಮನೆಯವರು ಮನಸಾರೆ ಒಪ್ಪದೆ ಮದುವೆಯಾಗುವುದಿಲ್ಲ ಎಂದು ಇಬ್ಬರೂ ಹಟ ಹಿಡಿದು ಕೂತಿದ್ದರು. ಕದ್ದು ಮದುವೆಯಾಗುವ ಮಕ್ಕಳಾಗಿದ್ದರೆ ಎಷ್ಟು ನಿರಾಳವಾಗಿರುತ್ತಿತ್ತು ಎಂದು ಪಂಪಣ್ಣನವರಿಗೆ ಆ ವಾರವೆಲ್ಲ ಅನ್ನಿಸಿತ್ತು.

"ನಿಜ ಹೇಳಿಬಿಡ್ತೀನಿ ಕಣೇ. ಪಂಪು ರಿಪೇರಿಗೆ ಹೋಗ್ತಿದ್ದೆ ಅಂತ" ಎಂದರು, ಬೂಟಿನೊಂದಿಗೆ ಗುದ್ದಾಡುತ್ತ.

"ಹೇಳಿ. ಯಾರು ಬೇಡ ಅಂದ್ರು? ಮದುವೆ ಆದ್ಮೇಲೆ ಹೇಳಿ" ಎಂದರು ಹೆಂಡತಿ.

ಬಿಳಿ ಬೂಟು ಎದುರುಮನೆಯಾಕೆಯ ಗಂಡನದು. ಆ ಮನುಷ್ಯನ ಕಾಲು ಪಂಪಣ್ಣನವರದಕ್ಕಿಂತ ಒಂದು ಬೆರಳು ಗಿಡ್ಡ. ಅದನ್ನು ತಂದುಕೊಟ್ಟಾಕೆ ಬಾಗಿಲಿಗೆ ಒರಗಿ ನಿಂತು ಸಲಹೆ ಕೊಡುತ್ತಿದ್ದರು.

"ಸುಳ್ಳು ಹೇಳೋದೇನೂ ಬೇಡ ಅಣ್ಣ. ಬಾಯಿ ಮುಚ್ಕೊಂಡು ದೂರಕ್ಕೆ ನೋಡಿ. ಸ್ವಲ್ಪ ಹೊತ್ತು ಬಿಟ್ಟು 'ಆಹಾ' ಅನ್ನಿ. ನಮ್ಮ ಮನೆಯವರು ಚಿತ್ರ ಪ್ರದರ್ಶನಕ್ಕೆ ಹೋದ್ರೆ ಮಾಡೋದು ಅಷ್ಟೇ. ದೊಡ್ಡ ರಸಿಕರು ಅಂತ ಹೆಸರು ಬಂದಿದೆ."

"ಹೊಡೀರಿ ಅಂತ ಕೋಲು ಕೊಟ್ರೆ?"

"ಭುಜ ನೋವು ಅಂದ್ರಾಯ್ತು."

"ನೋವಿಲ್ವಲ್ಲಮ್ಮ."

"ನೀವೆಲ್ಲಿ ಹೇಳ್ತೀರಿ. ನಾನೇ ಬಂದು ಹೇಳ್ತೀನಿ ಬಿಡಿ."

ಹೀಗೆ ಮೂವರು ಹೋಗಬೇಕಿದ್ದ ಕಾರಿನಲ್ಲಿ ನಾಲ್ವರಾದರು.

ಕ್ಲಬ್ಬಿನ ಮುಂದಿನ ಗೇಟಿನಲ್ಲಿ ಕಾವಲಿನವನು ಸಲಾಮು ಹೊಡೆದಾಗ ಪಂಪಣ್ಣ ತಾವೂ ತಿರುಗಿ ಸಲಾಮು ಹೊಡೆದರು. ಆ ಗೇಟಿನಿಂದ ಅವರು ಹಿಂದೆಂದೂ ಒಳಗೆ ಹೋದವರಲ್ಲ. ಜಗಲಿಯಲ್ಲಿ ಡಾಕ್ಟರ ಹೆಂಡತಿ ಹೆಂಗಸರನ್ನು ಕೂರಿಸಿಕೊಂಡು ಚಹಾ ತರಿಸಿದರು. ಹೆಚ್ಚು ಮಾತಿಲ್ಲದ, ತೆಳ್ಳಗಿನ ಹೆಂಗಸು. ಹುಡುಗ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಎತ್ತರದ ಆಳಾದ ಡಾಕ್ಟರು ಪಂಪಣ್ಣನವರನ್ನು ಹುಲ್ಲಿನ ಮೇಲೆ ಕರೆದೊಯ್ದು ಕೋಲು ಚಾಚಿದರು.

"ಮೊದಲು ನೀವು."

ಪಂಪಣ್ಣ ಬಾಯಿ ತೆರೆಯುವ ಮೊದಲೇ ಜಗಲಿಯಿಂದ ದನಿ ಬಂತು. "ಅವರಿಗೆ ಭುಜ ನೋವು ಡಾಕ್ಟ್ರೇ. ತುಂಬಾ ದಿನದಿಂದ."

ಡಾಕ್ಟರು ಎಂದಷ್ಟೇ ಎದುರುಮನೆಯಾಕೆಗೆ ಗೊತ್ತಿತ್ತು. ಯಾವ ಡಾಕ್ಟರು ಎಂದು ಯಾರೂ ವಿಚಾರಿಸಿರಲಿಲ್ಲ. ಅವರು ಮೂಳೆ ಡಾಕ್ಟರು. ನಿವೃತ್ತರಾದ ಮೇಲೆ ಒಂದು ಭುಜವೂ ಕೈಗೆ ಸಿಕ್ಕಿರಲಿಲ್ಲ. ಮುಖವರಳಿಸಿಕೊಂಡು ಬಂದು, ಪಂಪಣ್ಣನವರ ಬಲಗೈಯನ್ನು ಮೇಲಕ್ಕೆತ್ತಿ, ಹಿಂದಕ್ಕೆ ತಿರುಗಿಸಿ, ಒಂದು ಸಲ ಜೋರಾಗಿ ಎಳೆದರು. ಟಕ್ ಎಂದಿತು. ಈ ಸಲ ಅದು ಬೇರಿಂಗ್ ಅಲ್ಲ ಎಂಬುದು ಪಂಪಣ್ಣನವರಿಗೆ ಚೆನ್ನಾಗಿ ಗೊತ್ತಾಯಿತು.

"ಈಗ ಹೇಗಿದೆ?"

"ಈಗ ನೋವಿದೆ ಸರ್" ಎಂದರು, ಪ್ರಾಮಾಣಿಕವಾಗಿ.

"ಹಾಗೇ ಆಗ್ಬೇಕು. ಒಳಗೆ ಕೂತಿದ್ದು ಹೊರಗೆ ಬಂತು. ನೀವು ಹೊಡೀಬೇಡಿ, ಜೊತೆಗೆ ನಡೀರಿ ಸಾಕು."

ನಡೆದರು. ಮೊದಲನೆಯ 'ಆಹಾ' ಬೂಟು ಕಚ್ಚಿದ್ದಕ್ಕೆ ಬಂತು. ಎರಡನೆಯದು ಭುಜದ್ದು. ಡಾಕ್ಟರು ಎರಡಕ್ಕೂ ತಲೆಯಾಡಿಸಿದರು. ಹೇಳಿಕೊಟ್ಟ ಪಾಠದಂತೆ ಪಂಪಣ್ಣ ದೂರಕ್ಕೆ ನೋಡುತ್ತ ಹೋದರು. ದಿಣ್ಣೆ ಹತ್ತಿ ನಿಂತಾಗ ಕೆಳಗೆ ಕೆರೆ ಕಂಡಿತು. ಅದರಾಚೆ ಹುಲ್ಲು ಒಂದೊಂದು ಕಡೆ ಒಂದೊಂದು ಹಸಿರಾಗಿ ಇಳಿದು, ಮರಗಳ ಬುಡಕ್ಕೆ ಹೋಗಿ ನೆರಳಾಗಿತ್ತು. ನೀರಿನ ಚಿಲುಮೆಗಳು ತಿರುಗುತ್ತಿದ್ದವು. ಎಳೆ ಬಿಸಿಲು ಆ ಹನಿಗಳ ಮೇಲೆ ಬಿದ್ದಿತ್ತು.

"ಆಹಾ" ಎಂದರು ಪಂಪಣ್ಣ. ಇದು ಯಾರೂ ಹೇಳಿಕೊಟ್ಟದ್ದಾಗಿರಲಿಲ್ಲ. ತಾವು ಜೀವಮಾನವಿಡೀ ಎತ್ತಿ ಕಳಿಸಿದ ನೀರು ಹೋಗಿ ಏನಾಗುತ್ತಿತ್ತು ಎಂದು ಅವರು ನೋಡಿದ್ದು ಅದೇ ಮೊದಲು. ಇಂಥದ್ದರ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿ ಉಂಡು, ಗೋಡೆ ನೋಡಿಕೊಂಡು ಎದ್ದು ಬಂದೆನಲ್ಲ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು.

ಡಾಕ್ಟರು ಮೆಲ್ಲಗೆ ಕೇಳಿದರು. "ಸಮುದ್ರದ ಪಕ್ಕದ್ದು ನೋಡಿದ್ದೀರಲ್ಲ. ನನಗೆ ಹೋಗೋಕೇ ಆಗಿಲ್ಲ. ಹೇಗಿದೆ?"

"ಮರಳು ಸರ್. ಅದರಲ್ಲಿ ಸಿಕ್ಕಿಕೊಂಡ್ರೆ ದಿನವೆಲ್ಲ ಅಲ್ಲೇ."

"ನನಗೂ ಮರಳೇ ಶತ್ರು. ಚೆಂಡು ಅದರೊಳಗೆ ಬಿದ್ರೆ ಹೊರಗೇ ಬರಲ್ಲ. ಬೆಟ್ಟದ ಮೇಲಿಂದು?"

"ನಾನು ಹೋದಾಗ ಮಳೆ. ಒಳಗೇ ಕೂತಿದ್ದೆ."

"ಮಳೆ ನಿಲ್ಲೋವರೆಗೂ ಕಾದ್ರಿ. ನನಗೆ ಅಷ್ಟು ತಾಳ್ಮೆ ಇಲ್ಲ."

ಪಂಪಣ್ಣನವರಿಗೆ ಇನ್ನು ತಡೆಯಲಾಗಲಿಲ್ಲ. "ನಿಜ ಹೇಳ್ಬಿಡ್ತೀನಿ ಸರ್. ಅಷ್ಟು ಮೈದಾನಕ್ಕೆ ಹೋದೆ. ಒಂದು ಕಡೆನೂ ತಲೆ ಎತ್ತಿದವನಲ್ಲ."

ಡಾಕ್ಟರು ನಿಂತುಬಿಟ್ಟರು. ಚೆಂಡಿಗೆ ಕೋಲು ತಗುಲುವ ಮೊದಲು ತಲೆ ಎತ್ತಬಾರದು ಎಂಬುದು ಗಾಲ್ಫಿನ ಮೊದಲ ಪಾಠ. ತಲೆ ಎತ್ತಿ ಎತ್ತಿಯೇ ಡಾಕ್ಟರು ಊರಿನ ಕೆರೆಗೆಲ್ಲ ಚೆಂಡು ತುಂಬಿಸಿದ್ದರು.

"ಒಂದು ಸಲವೂ ಇಲ್ವೆ?"

"ಒಂದು ಸಲವೂ ಇಲ್ಲ. ಅದಕ್ಕೇ ಹೊಟ್ಟೆ ಉರಿಯುತ್ತೆ ಸರ್. ಎಲ್ಲಾ ಕಡೆ ಇನ್ನೊಂದು ಸಲ ಹೋಗ್ಬೇಕು. ಏನೂ ಮಾಡ್ಬಾರ್ದು. ಸುಮ್ನೆ ನಿಂತು ನೋಡ್ಬೇಕು. ಆಗ ಇದ್ದದ್ದು ಏನು ಅಂತ ಈಗ ನೋಡ್ಬೇಕು."

ಡಾಕ್ಟರ ಕಣ್ಣು ತೇವವಾಯಿತು. ಅವರು ಪಂಪಣ್ಣನವರ ಭುಜ ತಟ್ಟಿದರು, ನೋವಿದ್ದ ಭುಜವನ್ನೇ. "ಇಬ್ಬರೂ ಸೇರಿ ಹೋಗೋಣ ಬೀಗರೇ. ಮೊದಲು ಸಮುದ್ರದ್ದು" ಎಂದರು.

ಪಂಪಣ್ಣ ಹೂವಿನ ಹಾಗೆ ಹಗುರಾಗಿ ದಿಣ್ಣೆ ಇಳಿದರು. ಬೂಟು ಕಚ್ಚುವುದೂ ಮರೆತುಹೋಗಿತ್ತು. ಜಗಲಿ ಹತ್ತುತ್ತಲೇ ಡಾಕ್ಟರು ಎಲ್ಲರಿಗೂ ಕೇಳುವ ಹಾಗೆ, "ಮಾತು ಮುಗೀತು. ಇವರಂಥ ಗಾಲ್ಫ್ ಪ್ರೇಮಿ ಹುಡುಕಿದರೂ ಸಿಗಲ್ಲ. ನಮ್ಮ ಒಪ್ಪಿಗೆ ಇದೆ" ಎಂದರು. ಮಗಳು ಹುಡುಗನ ಕಡೆ ನೋಡಿದಳು. ಎದುರುಮನೆಯಾಕೆ ತಾವೇ ಗೆದ್ದವರಂತೆ ಬಿಸ್ಕತ್ತಿಗೆ ಕೈ ಹಾಕಿದರು.

ಡಾಕ್ಟರ ಹೆಂಡತಿ ಚಹಾದ ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟರು.

"ನನ್ನ ಒಪ್ಪಿಗೆ ಇಲ್ಲ" ಎಂದರು.

ಆಕೆಯ ದನಿ ಏರಲಿಲ್ಲ. ಮಾತು ಬಹಳ ದಿನದಿಂದ ಒಳಗೇ ಸಿದ್ಧವಾಗಿತ್ತು ಎಂಬುದು ಎಲ್ಲರಿಗೂ ತಿಳಿಯಿತು.

"ಯಾರ ಹತ್ರಾನೂ ಹೇಳಿರಲಿಲ್ಲ, ಮನಸ್ಸಲ್ಲೇ ಇಟ್ಕೊಂಡಿದ್ದೆ. ಮಗ ಯಾರನ್ನ ಬೇಕಾದ್ರೂ ಕಟ್ಕೊಳ್ಳಲಿ, ಆ ಮನೇಲಿ ಗಾಲ್ಫ್ ಮಾತ್ರ ಇರಬಾರದು ಅಂತ. ಇವನು ಹುಟ್ಟಿದ ದಿನ ಇವನಪ್ಪ ಇಲ್ಲಿದ್ರು. ಆಟ ಮುಗಿಸ್ಕೊಂಡೇ ಆಸ್ಪತ್ರೆಗೆ ಬಂದ್ರು. ಮಗೂ ಕೈ ಹಿಡಿದು ನೋಡಿ, ಹಿಡಿತ ಚೆನ್ನಾಗಿದೆ ಅಂದ್ರು. ಊಟಕ್ಕೆ ಕೂತ್ರೆ ಉಪ್ಪಿನ ಡಬ್ಬಿ ಚೆಂಡು ಬೀಳೋ ಗುಳಿ, ನೀರಿನ ಲೋಟ ಒಂದು ಕೆರೆ. ಒಬ್ಬರನ್ನ ಸಹಿಸಿದ್ದೀನಿ. ಹಬ್ಬ ಹುಣ್ಣಿಮೆ ಅಂತ ಬೀಗರೂ ಬಂದು ಎದುರಿಗೆ ಕೂತು ಅದನ್ನೇ ಮಾತಾಡಿದ್ರೆ ನನ್ನ ಕೈಲಾಗಲ್ಲ. ನಿಮ್ಮ ಮಗಳು ಚಿನ್ನದಂಥವಳು. ತಪ್ಪು ತಿಳ್ಕೋಬೇಡಿ."

ಹುಡುಗ ಅಮ್ಮನನ್ನು ಹೊಸದಾಗಿ ನೋಡುವವನಂತೆ ನೋಡಿದ. ಮಗಳ ಮುಖ ಬಾಡಿತು. ಅಳಲಿಲ್ಲ, ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು. ಚಿಕ್ಕವಳಿದ್ದಾಗ ಆಟಿಕೆ ಮುರಿದರೂ ಹೀಗೇ ಕೂರುತ್ತಿದ್ದಳು.

"ತಾಯೀ, ನನಗೆ ಗಾಲ್ಫ್ ಬರಲ್ಲ" ಎಂದರು ಪಂಪಣ್ಣ. "ನಾನು ಪಂಪು ರಿಪೇರಿಯವನು. ಹೋಗಿದ್ದೆಲ್ಲ ಹಿಂದಿನ ಗೇಟಿಂದ. ಮರಳು ಸಿಕ್ಕಿಕೊಂಡಿದ್ದು ಪೈಪಲ್ಲಿ. ತಲೆ ಎತ್ತದೇ ಇದ್ದದ್ದು ಮೋಟರ್ ಮುಂದೆ ಬಗ್ಗಿ ಕೂತಿದ್ದಕ್ಕೆ. ಈ ಬೂಟೂ ನನ್ನದಲ್ಲ."

ಸಾಕ್ಷಿಗೆ ಬೂಟು ಬಿಚ್ಚಿ ತೋರಿಸಿದರು. ಹೆಬ್ಬೆರಳು ಬದನೆಕಾಯಿಯಾಗಿತ್ತು. ಡಾಕ್ಟರು ಕುರ್ಚಿಯಲ್ಲಿ ಕುಸಿದು, "ಹಾಗಾದ್ರೆ ಆ ತಾಳ್ಮೆ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಅವರ ಹೆಂಡತಿ ಆ ಹೆಬ್ಬೆರಳನ್ನೂ ಪಂಪಣ್ಣನವರ ಮುಖವನ್ನೂ ನೋಡಿ, ಆ ಬೆಳಗಿನಲ್ಲಿ ಮೊದಲ ಸಲ ನಕ್ಕರು. ನಗು ನಿಂತ ಮೇಲೆ ಕೇಳಿದರು.

"ಹಾಗಾದ್ರೆ ನಿಮಗೆ ಈ ಮೈದಾನದ ಹುಚ್ಚು ಇಲ್ಲ ತಾನೆ? ನೋಡ್ಬೇಕು, ಬರಬೇಕು ಅಂತ ಆಸೆ ಏನೂ ಇಲ್ಲ?"

ಪಂಪಣ್ಣ ಜಗಲಿಯಾಚೆ ನೋಡಿದರು. ಚಿಲುಮೆಗಳು ನಿಂತಿದ್ದವು. ಬಿಸಿಲು ಏರಿತ್ತು, ಕೆರೆಯ ಬಣ್ಣ ಆಗಲೇ ಬೇರೆಯಾಗಿತ್ತು. ಮಧ್ಯಾಹ್ನಕ್ಕೆ ಇನ್ನೊಂದು ಥರ ಇರುತ್ತದೇನೋ. ಸಂಜೆಗೆ ಹೇಗೋ.

"ಇಲ್ಲಮ್ಮ. ಒಂದು ಚೂರೂ ಇಲ್ಲ" ಎಂದರು.

"ಇನ್ಮೇಲೆ ಯಾವ ಗಾಲ್ಫ್ ಮೈದಾನಕ್ಕೂ ಕಾಲಿಡಲ್ಲ ಅಂತ ನನಗೆ ಮಾತು ಕೊಡಿ. ಇವರು ಕರೆದರೂ ಹೋಗಬಾರದು. ಮದುವೆ ದಿನ ಇವತ್ತೇ ಗೊತ್ತು ಮಾಡೋಣ."

ಮಾತು ಕೊಟ್ಟರು. ಡಾಕ್ಟರು ಮುಖ ಆಚೆ ತಿರುಗಿಸಿಕೊಂಡರು. ಇಬ್ಬರು ಗಂಡಸರಲ್ಲಿ ಯಾರ ಮುಖ ಹೆಚ್ಚು ಸಪ್ಪಗಿತ್ತು ಎಂದು ಹೇಳುವುದು ಕಷ್ಟವಿತ್ತು.

ವಾಪಸು ಬರುವಾಗ ಕಾರಿನ ತುಂಬ ಮದುವೆಯ ಮಾತು. ಎದುರುಮನೆಯಾಕೆ ಆಗಲೇ ಅಡುಗೆಯವರನ್ನು ಗೊತ್ತು ಮಾಡಿ ಮುಗಿಸಿದ್ದರು. "ಅಂತೂ ಪಾರಾದ್ರಿ ರೀ. ಇನ್ನು ಆ ಹುಲ್ಲಿನ ಸಹವಾಸ ಬೇಡ" ಎಂದರು ಹೆಂಡತಿ. ಮಗಳು ಹಿಂದಿನ ಸೀಟಿನಿಂದ ಬಗ್ಗಿ ಅಪ್ಪನ ಕುತ್ತಿಗೆಗೆ ತೋಳು ಹಾಕಿದಳು.

"ಪಾಪ ಅಪ್ಪ. ಬೆಳಿಗ್ಗೆಯಿಂದ ನನಗೋಸ್ಕರ ಎಷ್ಟು ಸುಳ್ಳು ಹೇಳ್ಬೇಕಾಯ್ತು ನಿಮಗೆ."

"ಇಲ್ಲಮ್ಮ. ಒಂದೇ ಒಂದು."

"ಭುಜದ್ದು ತಾನೆ? ಅದು ನಾನು ಹೇಳಿದ್ದು ಅಣ್ಣ, ನಿಮ್ಮ ಲೆಕ್ಕಕ್ಕೆ ಬರಲ್ಲ" ಎಂದರು ಎದುರುಮನೆಯಾಕೆ.

ಮಗಳು ತೋಳು ಸಡಿಲಿಸಿ ಅವರ ಮುಖ ನೋಡಿದಳು. "ಮತ್ತೆ ಯಾವುದಪ್ಪ?"

"ಏನೋ ಒಂದು. ಮರೆತುಹೋಯ್ತು" ಎಂದರು ಪಂಪಣ್ಣ.

ಅಲ್ಲಿಗೆ ಎರಡಾಯಿತು.