ಮೂರು ಮೆಷಿನ್ ಕಾಪಾಡಿದ ನನ್ನ ಕೋರಿಕೆ

೧. ಬಂತಾ?

ನಮ್ಮ ಟೀಮ್ ಲೀಡ್‌ಗೆ ಒಂದು ಅಭ್ಯಾಸ. ಮೇಲ್ ಕಳಿಸಿದ ಕೂಡಲೇ ಎದ್ದು ಹೋಗಿ, ಯಾರಿಗೆ ಕಳಿಸಿದರೋ ಅವರ ಎದುರು ನಿಂತು "ಬಂತಾ?" ಅಂತ ಕೇಳುವುದು. ಇವರ ಕೈಕೆಳಗೆ ನನ್ನ ಕೆಲಸ, ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಸಂದೇಶ ಕಳೆಯದಂತೆ ತಲುಪಿಸುವ 'ಕ್ಯೂ' ಕಟ್ಟುವುದು!

ಒಂದು ದಿನ ಅವರದೊಂದು ಮೇಲ್: "ಕ್ಯೂ ಕಟ್ಟಿದ್ದು ಆ ಹುಡುಗಿಯೇ. ಆದರೆ ಬಾಯೇ ಬಿಡಲ್ಲ. ಪೀಣ್ಯದ ಫ್ಯಾಕ್ಟರಿ ಡೆಮೊ ನಾನೇ ಕೊಡ್ತೀನಿ."

ಆ ಡೆಮೊ ಕೊಡಬೇಕೆಂದು ನನಗೆಷ್ಟು ಆಸೆಯಿತ್ತೋ, ಕೇಳಲು ಅಷ್ಟೇ ಭಯ. ದಂಗಾಗಿ ತಲೆಯೆತ್ತಿದೆ. ಲೀಡ್ ಆಗಲೇ ಮ್ಯಾನೇಜರ್ ರೂಮಿನ ಬಾಗಿಲಲ್ಲಿ ನಿಂತು "ಬಂತಾ?" ಅನ್ನುತ್ತಿದ್ದರು.

ಬಂದಿತ್ತು. ನನಗೆ.

೨. ಪ್ಲೈವುಡ್

ಹೂಡಿಯಲ್ಲಿ ನಾನಿರುವ ಪಿಜಿಯ ಓನರ್ ಆಂಟಿ ಕೇಳಿದರು, "ಅದೇನಮ್ಮ ನಿನ್ ಕೆಲ್ಸ?"

"ಒಂದೇ ಕಂಪ್ಯೂಟರ್ ಒಳಗೆ ನಾಲ್ಕು ಕಂಪ್ಯೂಟರ್ ಇರೋ ಥರ ಪಾಲು ಮಾಡ್ತೀವಿ ಆಂಟಿ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಸ್ತೀನಿ."

ಆಂಟಿ ಸೌಟು ಹಿಡಿದೇ ನಿಂತರು. "ಒಂದ್ ರೂಮಿಗೆ ಪ್ಲೈವುಡ್ ಹೊಡ್ಸಿ ನಾಲ್ಕು ಮಾಡಿದ್ರೆ ನಂಗೆ ಬಯ್ತೀರ. ಅದನ್ನೇ ನೀನ್ ಮಾಡಿದ್ರೆ ಸಂಬ್ಳ ಕೊಡ್ತಾರಾ?"

೩. ಪೀಣ್ಯದಲ್ಲಿ

ಕ್ಯೂ ಅಂದರೆ ಸಂದೇಶಗಳ ಸಾಲು. ಪಡೆಯುವ ಮೆಷಿನ್ ಆಫ್ ಇದ್ದರೆ ಆನ್ ಆಗುವವರೆಗೂ ಕಾಯುತ್ತದೆ. ಡೆಮೊದ ಹಿಂದಿನ ದಿನ ಪರೀಕ್ಷೆಗೆಂದು ಏನಾದರೂ ಟೈಪ್ ಮಾಡಬೇಕಿತ್ತು. ಬಾಯಲ್ಲಿ ಹೇಳಲಾಗದ್ದನ್ನೇ ಹೊಡೆದೆ: "ಸಾರ್, ಈ ಡೆಮೊ ನಾನೇ ಕೊಡಲಾ, ಪ್ಲೀಸ್?" ಆಮೇಲೆ ಅಳಿಸುವುದನ್ನೇ ಮರೆತೆ.

ಪೀಣ್ಯದ ಫ್ಯಾಕ್ಟರಿಯಲ್ಲಿ ಲೀಡ್ ದೊಡ್ಡ ಸ್ಕ್ರೀನ್ ಪಕ್ಕ ನಿಂತು ಮಾಲೀಕರಿಗೆ ಹೇಳುತ್ತಿದ್ದರು: "ಮೂರು ಮೆಷಿನ್‌ನಲ್ಲೂ ಒಂದೊಂದು ಪ್ರತಿ ಇರುತ್ತೆ ಸಾರ್. ಒಂದು ಕೆಟ್ಟರೂ ಸಂದೇಶ ಕಳೆದುಹೋಗಲ್ಲ. ಈಗ ಪಡೆಯೋ ಮೆಷಿನ್ ಆನ್ ಮಾಡ್ತೀನಿ."

ಮೂಲೆಯಲ್ಲಿ ಕೂತಿದ್ದ ನನಗೆ ಆಗ ಅಳಿಸದ ಆ ಸಾಲು ನೆನಪಾಯಿತು. ಕಟ್ಟಿದವಳು ನಾನೇ ಅನ್ನುವುದನ್ನೂ ಮರೆತು, ಮೂರರಲ್ಲಿ ಒಂದನ್ನು ನನ್ನ ಲ್ಯಾಪ್‌ಟಾಪಿನಿಂದ ಗುಟ್ಟಾಗಿ ಆಫ್ ಮಾಡಿಬಿಟ್ಟೆ. ಉಳಿದೆರಡು ಬಿಡಬೇಕಲ್ಲ!

ಸ್ಕ್ರೀನ್ ತುಂಬ ದಪ್ಪಕ್ಷರ: "ಸಾರ್, ಈ ಡೆಮೊ ನಾನೇ ಕೊಡಲಾ, ಪ್ಲೀಸ್?"

ಮಾಲೀಕರು ಕುರ್ಚಿಯಿಂದ ಎದ್ದೇಬಿಟ್ಟರು. "ಅಬ್ಬಬ್ಬಾ! ಮೆಷಿನ್ನೇ ಕೇಳ್ತಾ ಇದೆಯಲ್ರೀ! ಎಷ್ಟು ಮರ್ಯಾದೆ ಕಲ್ಸಿದೀರ!"

ಲೀಡ್ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಕೀಬೋರ್ಡ್ ನೋಡುತ್ತಾ ಕೂತೆ.

"ಪ್ಲೀಸ್ ಅಂತ ಬೇರೆ ಕೇಳ್ತಿದೆ ಪಾಪ," ಮಾಲೀಕರು ಬಿಡಲಿಲ್ಲ. "ಏನಂತೀರಿ ಸಾರ್? ಕೊಡಿ, ಅದಕ್ಕೂ ಒಂದು ಚಾನ್ಸ್ ಕೊಡಿ."