ಕೊಡೆಯವರ ಹೊಂಡ, ಗಂಟೆಯವರ ಹೊಂಡ

ಒಂದು ಐದು ನಿಮಿಷ ಕೂತು ಇದನ್ನು ಕೇಳಿ ಮಾರಾಯ್ರೆ, ಬೈಯುವುದಿದ್ದರೆ ಆಮೇಲೆ ಬೈಯಿರಿ. ಯೋಚಿಸಿದ್ರೆ ನನಗೆ ಈಗಲೂ ಮೈಯೆಲ್ಲ ಉರೀತದೆ. ಒಂದು ಹೊಂಡ. ಬರೀ ಒಂದು ಹೊಂಡ! ಅದು ಒಬ್ಬ ಪಾಪದ ಮನುಷ್ಯನ ಮದುವೆಗೇ ಬಾಯಿ ಹಾಕಿತು ಅಂದ್ರೆ ನಂಬ್ತೀರಾ?

ಬೆಳ್ತಂಗಡಿಯಿಂದ ಮೂಡುಬಿದ್ರೆಗೆ ಹೋಗುವ ಬಸ್ಸು ಹತ್ತಿದ್ರೆ ದಾರಿಯಲ್ಲಿ ಒಂದು ಸಣ್ಣ ಪೇಟೆ ಸಿಗ್ತದೆ. ಹೆಸರು ಬೇಡ, ಹೇಳಿದ್ರೆ ಎರಡೂ ಪಕ್ಷದವರು ನನ್ನ ಮನೆ ಹುಡುಕಿಕೊಂಡು ಬರ್ತಾರೆ. ಮಂಡಲ ಪಂಚಾಯತಿ ಹೊಸತಾಗಿ ಬಂದ ಕಾಲ ಅದು. ಸನತ್‌ಕುಮಾರ ಮಾಷ್ಟ್ರ ಮನೆ ಅಲ್ಲಿ ರಸ್ತೆಬದಿಯಲ್ಲೇ. ಕುಡಿಯುವ ನೀರಿನ ಪೈಪು ಹಾಕ್ತೇವೆ ಅಂತ ಪಂಚಾಯತಿಯವರು ಅವರ ಗೇಟಿನ ಎದುರು ಉದ್ದಕ್ಕೆ ಹೊಂಡ ತೋಡಿದ್ರು, ತೋಡಿ ಮರೆತ್ರು. ಪೈಪು ಬರಲಿಲ್ಲ. ಪಕ್ಕದ ಹೋಟೆಲಿನ ಪಾತ್ರೆ ತೊಳೆದ ನೀರು ಬಂತು. ಈಗ ಆ ಹೊಂಡದಲ್ಲಿ ಸಾಂಬಾರಿನ ಬಣ್ಣದ ಕೆಸರು, ಅದರಲ್ಲಿ ಕಪ್ಪೆಗಳ ಸಂಸಾರ.

ಇಷ್ಟು ದಿನ ಮಾಷ್ಟ್ರು ಹಿತ್ತಲಿನ ಬೇಲಿ ಹಾರಿ ಶಾಲೆಗೆ ಹೋಗ್ತಾ ಇದ್ದರು. ಆದರೆ ಈ ಭಾನುವಾರ ಬೇಲಿಯ ಕತೆ ನಡೆಯುವ ಹಾಗಿರಲಿಲ್ಲ. ನಲವತ್ತರ ಹತ್ತಿರ ಬಂದ ಮಾಷ್ಟ್ರಿಗೆ ಕೊನೆಗೂ ಒಂದು ಸಂಬಂಧ ಕೂಡಿ ಬಂದಿತ್ತು. ಮೂಡುಬಿದ್ರೆಯ ವಸಂತಿ. ಇವರು ನೋಡಿ ಆಗಿತ್ತು, ಅವಳೂ ಒಪ್ಪಿದ್ದಳು. ಇನ್ನು ಅವಳ ತಂದೆ ಆದಿರಾಜರು ಬಂದು ಮನೆ ನೋಡಿ "ಆಯ್ತು" ಅಂದ್ರೆ ಮುಗೀತು. ಮನೆ ನೋಡಲು ಬರುವ ಮಾವನನ್ನು ಬೇಲಿ ಹಾರಿಸ್ಲಿಕ್ಕಾಗ್ತದಾ?

ಬೆಳಿಗ್ಗೆ ಬೇಗ ಎದ್ದ ಮಾಷ್ಟ್ರು ಅಡಿಕೆ ಮರದ ನಾಲ್ಕು ಕಾಂಡ ತಂದು, ಹಗ್ಗದಲ್ಲಿ ಬಿಗಿದು, ಹೊಂಡಕ್ಕೆ ಅಡ್ಡ ಹಾಕಿದ್ರು. ಚಂದದ ಸಂಕ. ಅವರ ಅಮ್ಮ ವಿಮಲಾ ಅದರ ಮೇಲೆ ಆಚೆ ಹೋಗಿ ಈಚೆ ಬಂದು, "ಬೊಂಬಾಯಿಯಲ್ಲೂ ಇಂಥ ಸೇತುವೆ ಇರ್ಲಿಕ್ಕಿಲ್ಲ ಮಗ" ಅಂದ್ರು.

ಅಷ್ಟರಲ್ಲಿ ಬಟ್ಟೆ ಅಂಗಡಿಯ ಪರಮೇಶ್ವರ ಬಂದ. ಇವ ಕೊಡೆ ಗುರುತಿನ ಪಕ್ಷದ ಮುಖಂಡ. ಪಂಚಾಯತಿ ಕೊಡೆಯವರದ್ದು, ಅದರ ಅಧ್ಯಕ್ಷರು, ಅಂದ್ರೆ ಪ್ರಧಾನರೂ ಕೊಡೆಯವರೇ.

"ಎಂತ ಮಾಷ್ಟ್ರೆ ಇದು?"

"ಸಂಕ."

"ಸಂಕ ಯಾಕೆ?"

"ಹೊಂಡ ಉಂಟಲ್ಲ."

"ಎಲ್ಲಿ ಉಂಟು ಹೊಂಡ?" ಪರಮೇಶ್ವರ ಹೊಂಡದ ಅಂಚಿನಲ್ಲೇ ನಿಂತು ಕೇಳಿದ. "ಇದು ಹೊಂಡ ಅಲ್ಲ, ಯೋಜನೆ. ಅಭಿವೃದ್ಧಿ ಅಂದ್ರೆ ಸ್ವಲ್ಪ ತಾಳ್ಮೆ ಬೇಕು. ನೀವು ಸಂಕ ಹಾಕಿದ್ರೆ ನೋಡಿದವರು ಎಂತ ಹೇಳ್ತಾರೆ? ಪಂಚಾಯತಿ ಹೊಂಡ ತೋಡಿ ಬಿಟ್ಟಿದೆ ಅಂತ ಹೇಳ್ತಾರೆ!"

"ಬಿಟ್ಟಿದ್ದು ಹೌದಲ್ಲ?"

"ಮಾಷ್ಟ್ರೆ, ನೀವು ಗಂಟೆಯವರ ಹಾಗೆ ಮಾತಾಡಬೇಡಿ." ಅವನೂ ಅವನ ಜೊತೆಯವರೂ ಸಂಕ ಎತ್ತಿ ಬದಿಗೆ ಎಸೆದ್ರು. ಹೋಗುವಾಗ ಒಬ್ಬ ಹೊಂಡಕ್ಕೆ ಕೈ ಮುಗಿದ, ದೇವರಿಗೆ ಮುಗಿದ ಹಾಗೆ.

ಮಾಷ್ಟ್ರು ಬೇಲಿ ಹಾರಿ ಮರದ ಮಿಲ್ಲಿಗೆ ಓಡಿದ್ರು. ಮಿಲ್ಲಿನ ಕೃಷ್ಣಕುಮಾರ ಕೊಡೆಯವರ ಎದುರಾಳಿ ಗಂಟೆ ಪಕ್ಷದವ. ವಿಷಯ ಕೇಳಿದ್ದೇ ತಡ, ಅವನ ಕಣ್ಣಲ್ಲಿ ನೀರು.

"ಒಬ್ಬ ಉಪಾಧ್ಯಾಯ ಬೇಲಿ ಹಾರಿ ಬದುಕುವ ಕಾಲ ಬಂತಲ್ಲ! ನಾವು ಬರ್ತೇವೆ ಮಾಷ್ಟ್ರೆ. ನೀವು ಹೆದರಬೇಡಿ."

ಬಂದ್ರು. ಧ್ವಜ ಬಂತು, ಮೈಕು ಬಂತು, 'ಇದು ಹೊಂಡವಲ್ಲ, ಮೃತ್ಯುಕೂಪ' ಅಂತ ಕೆಂಪು ಅಕ್ಷರದ ಬ್ಯಾನರು ಬಂತು. ಹೊಂಡದ ಸುತ್ತ ಚಾಪೆ ಹಾಸಿ ಧರಣಿ ಕೂತ್ರು. ಮಾಷ್ಟ್ರಿಗೆ ಆನೆ ಬಲ ಬಂದ ಹಾಗಾಯ್ತು. ಬದಿಗೆ ಬಿದ್ದ ಸಂಕವನ್ನು ಎಳೆದು ತಂದು ಮತ್ತೆ ಅಡ್ಡ ಹಾಕಿದ್ರು.

"ಏಯ್, ತೆಗೀರಿ ಅದನ್ನು!" ಕೃಷ್ಣಕುಮಾರ ಮೈಕಿನಲ್ಲೇ ಕೂಗಿದ.

"ಯಾಕೆ? ನೀವು ನನ್ನ ಪರವಾಗಿ ಕೂತದ್ದಲ್ವಾ?"

"ನಿಮ್ಮ ಪರವಾಗಿಯೇ. ಸಂಕ ಇದ್ದರೆ ಜನ ಸುಖವಾಗಿ ದಾಟ್ತಾರೆ. ಸುಖವಾಗಿ ದಾಟಿದ್ರೆ ಮೃತ್ಯುಕೂಪ ಹೇಗಾಗ್ತದೆ? ಪೇಪರಿನವರು ಬಂದು ಫೋಟೊ ತೆಗೀಲಿ, ಮತ್ತೆ ಹಾಕುವ."

"ಮಧ್ಯಾಹ್ನ ಊಟ ಆದ ಕೂಡಲೇ ಹುಡುಗಿಯ ತಂದೆ ಬರ್ತಾರೆ ಮಾರಾಯ!"

"ಬರ್ಲಿ, ಬಿದ್ದರೆ ಇನ್ನೂ ಒಳ್ಳೆಯದು. ಹೋರಾಟಕ್ಕೆ ಬಲ ಬರ್ತದೆ."

ನೀವೇ ಹೇಳಿ, ಇದು ಮನುಷ್ಯರು ಆಡುವ ಮಾತಾ? ಬೆಳಿಗ್ಗೆ ಹೊಂಡ ಇಲ್ಲ ಅಂತ ಸಂಕ ತೆಗೆದ್ರು. ಈಗ ಹೊಂಡ ಉಂಟು ಅಂತ ಸಂಕ ತೆಗೆದ್ರು. ಕಪ್ಪೆಗಳಿಗೆ ಮಾತ್ರ ಎರಡೂ ಕಡೆಯವರಿಂದ ತೊಂದರೆ ಇಲ್ಲ.

ಮಧ್ಯಾಹ್ನ ಬೆಳ್ತಂಗಡಿಯಿಂದ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡೇ ಕೂಗಿದ: "ಗೊತ್ತಾಯ್ತಾ? ನಿಮ್ಮ ಪ್ರಧಾನರು ಕೊಡೆ ಬಿಟ್ಟು ಗಂಟೆಗೆ ಸೇರಿದ್ರು! ಮಾಲೆ ಹಾಕಿ ಆಯ್ತು, ಭಾಷಣವೂ ಆಯ್ತು!"

ಕೃಷ್ಣಕುಮಾರ ತನ್ನ ಬ್ಯಾನರಿನ ಕಡೆ ಒಮ್ಮೆ ನೋಡಿದ. ಆಮೇಲೆ ಗಂಟಲು ಸರಿ ಮಾಡಿಕೊಂಡು ಹೇಳಿದ: "ಮಹನೀಯರೇ, ಈ ಹೊಂಡವನ್ನು... ಅಂದ್ರೆ ಈ ಯೋಜನೆಯನ್ನು ನಾವು ದೂರದೃಷ್ಟಿಯಿಂದ ನೋಡಬೇಕು. ಅಭಿವೃದ್ಧಿ ಅಂದ್ರೆ ಸ್ವಲ್ಪ ತಾಳ್ಮೆ ಬೇಕು."

ಅಷ್ಟು ಹೊತ್ತಿಗೆ ಪರಮೇಶ್ವರ ತನ್ನವರನ್ನು ಕಟ್ಟಿಕೊಂಡು ಓಡಿ ಬಂದಾಗಿತ್ತು. ಹೊಂಡ ನೋಡಿದವನೇ ಎದೆ ಹಿಡಿದುಕೊಂಡ, ಜೀವಮಾನದಲ್ಲಿ ಮೊದಲ ಸಲ ನೋಡಿದ ಹಾಗೆ. "ಅಯ್ಯೋ ದೇವರೇ! ಎಷ್ಟು ಆಳ! ಎಂಥ ನಾತ! ಒಬ್ಬ ಉಪಾಧ್ಯಾಯರ ಮನೆ ಎದುರು ಇಂಥ ದ್ರೋಹವಾ?"

"ನೀನೇ ಬೆಳಿಗ್ಗೆ ಹೊಂಡ ಇಲ್ಲ ಅಂದದ್ದಲ್ವಾ?" ಮಾಷ್ಟ್ರು ಕೇಳಿದ್ರು.

"ಬೆಳಿಗ್ಗೆಯದ್ದು ಬೇರೆ ಮಾಷ್ಟ್ರೆ." ಪರಮೇಶ್ವರ ಆಮೇಲೆ ಕೃಷ್ಣಕುಮಾರನ ಕಡೆ ತಿರುಗಿ, "ನಿಮಗೆ ಬೇಡದಿದ್ದರೆ ಆ ಬ್ಯಾನರ್ ಇತ್ಲಾಗಿ ಕೊಡಿ. ಹೊಸತು ಬರೆಸ್ಲಿಕ್ಕೆ ಸಮಯ ಇಲ್ಲ" ಅಂದ.

ಕೊಟ್ರು! ನಾಚಿಕೆ ಇಲ್ಲದೆ ಕೊಟ್ರು! ಚಾಪೆಯನ್ನೂ ಕೊಟ್ರು. ಗಂಟೆಯವರು ಎದ್ದ ಬಿಸಿಗೇ ಕೊಡೆಯವರು ಕೂತ್ರು. ಮೈಕಿನವನಿಗೆ ತಂತಿ ಬಿಚ್ಚುವ ಕೆಲಸವೂ ತಪ್ಪಿತು. ಆಮೇಲೆ ಶುರುವಾಯ್ತು ನೋಡಿ ಜಗಳ. ಬೆಳಿಗ್ಗೆ ಇವರು ಆಡಿದ್ದನ್ನು ಅವರು, ಅವರು ಆಡಿದ್ದನ್ನು ಇವರು, ಒಂದಕ್ಷರ ಬದಲಿಲ್ಲ. ಮಾಷ್ಟ್ರು ನಡುವೆ ಸಂಕ ಎಳೆದುಕೊಂಡು ಬಂದ್ರೆ ಕೃಷ್ಣಕುಮಾರ ಒಂದು ತುದಿ ಹಿಡಿದು "ಯೋಜನೆಗೆ ಅವಮಾನ" ಅಂದ, ಪರಮೇಶ್ವರ ಇನ್ನೊಂದು ತುದಿ ಹಿಡಿದು "ಹೋರಾಟಕ್ಕೆ ಅಡ್ಡಿ" ಅಂದ. ಇಬ್ಬರೂ ಸೇರಿ ಅದನ್ನು ಹೋಟೆಲಿನ ಹಿಂದೆ ಹಾಕಿ ಬಂದ್ರು. ಆ ಕೆಲಸದಲ್ಲಿ ಎಂಥ ಒಗ್ಗಟ್ಟು!

ಆಗಲೇ ಮೂಡುಬಿದ್ರೆಯ ಡ್ರೈವರ್ ಇದಿನಬ್ಬನ ಬಾಡಿಗೆ ಕಾರು ಬಂದು ನಿಂತಿತು. ಬಿಳಿ ಪಂಚೆ, ಬಿಳಿ ಶಾಲಿನ ಆದಿರಾಜರು ಇಳಿದ್ರು. ಹೊಂಡದ ಈಚೆ, ಗೇಟಿನ ಬದಿಯಲ್ಲಿ ಮಾಷ್ಟ್ರು ಕೈ ಚಾಚಿ ನಿಂತಿದ್ದಾರೆ.

"ನಿಲ್ಲಿ ಮಾವ, ಹಿತ್ತಲಿನಿಂದ..."

"ಮನೆ ನೋಡ್ಲಿಕ್ಕೆ ಬಂದವ ಹಿತ್ತಲಿನಿಂದ ಬರುವುದಾ?" ಅಂತ ಆದಿರಾಜರು ಪಂಚೆ ಎತ್ತಿ ಹಾರಿದ್ರು. ಹಾರಿದ್ದು ಸರಿ, ತಲುಪಲಿಲ್ಲ. ಸೊಂಟದವರೆಗೆ ಸಾಂಬಾರು.

ಜಗಳ ನಿಂತಿತು. ಮಾಷ್ಟ್ರು ಬೋರಲು ಮಲಗಿದಷ್ಟು ಬಗ್ಗಿ ಕೈ ಕೊಟ್ರು. ಆದಿರಾಜರು ಕೈ ಹಿಡಿಯಲಿಲ್ಲ.

"ಮೊದಲು ಹೇಳಿ. ಈ ಪಂಚಾಯತಿ ಯಾರದ್ದು?"

"ಮೇಲೆ ಬನ್ನಿ ಮಾವ, ಆಮೇಲೆ..."

"ಈಗಲೇ ಹೇಳಿ! ನಾನು ತಲೆ ಹಣ್ಣಾಗುವವರೆಗೆ ಪಕ್ಷಕ್ಕೆ ದುಡಿದವ. ನಮ್ಮವರದ್ದಾದ್ರೆ ನನ್ನ ಕಾಲೇ ಜಾರಿದ್ದು, ತಪ್ಪು ನನ್ನದು. ಅವರದ್ದಾದ್ರೆ ಕೋರ್ಟಿಗೆ ಹೋಗ್ತೇನೆ."

ಆದಿರಾಜರದ್ದು ಯಾವ ಪಕ್ಷ? ಮಾಷ್ಟ್ರಿಗೆ ಗೊತ್ತಿಲ್ಲ. ಜಾತಕ ಕೇಳಿದ್ದರು, ಗೋತ್ರ ಕೇಳಿದ್ದರು, ಇದನ್ನು ಕೇಳಿರಲಿಲ್ಲ. ಇದಿನಬ್ಬನ ಕಡೆ ನೋಡಿದ್ರು. ಅವ ಸ್ಟೇರಿಂಗ್ ಒರೆಸುತ್ತಾ ಕೂತಿದ್ದ. ಕೊನೆಗೆ ಮಾಷ್ಟ್ರು ನಿಜವನ್ನೇ ಹೇಳಿದ್ರು: "ತೋಡುವಾಗ ಕೊಡೆಯವರದ್ದು. ಈಗ ಗಂಟೆಯವರದ್ದು. ತೋಡಿಸಿದ ಪ್ರಧಾನರು ಮಾತ್ರ ಒಬ್ಬರೇ."

ಆದಿರಾಜರು ಕೆಸರಿನಲ್ಲಿ ನಿಂತೇ ಯೋಚಿಸಿದ್ರು. ಲೆಕ್ಕ ಹೊಂದಲಿಲ್ಲ. "ಅದು ಹೋಗ್ಲಿ. ನೀವು ಯಾರು? ಕೊಡೆಯಾ, ಗಂಟೆಯಾ?"

"ನಾನು ಸರ್ಕಾರಿ ಮಾಷ್ಟ್ರು ಮಾವ, ಪಕ್ಷ ಸೇರುವ ಹಾಗಿಲ್ಲ."

"ಸೇರುವುದು ಬೇಡ, ಮನಸ್ಸಿನಲ್ಲಿ ಒಂದು ಇರಬೇಕಲ್ಲ!"

"ಮನಸ್ಸಿನಲ್ಲಿ..." ಮಾಷ್ಟ್ರು ಹೊಂಡದ ಕಡೆ ನೋಡಿದ್ರು. "ಈ ಹೊಂಡ ಮುಚ್ಚಬೇಕು ಅಂತ ಉಂಟು. ಯಾರದ್ದಾದ್ರೂ ಹೊಂಡ ಹೊಂಡವೇ ಅಲ್ವಾ?"

ಆದಿರಾಜರ ಮುಖ ಕೆಂಪಾಯ್ತು. "ಕೇಳಿದ್ರಾ ಇವರ ಮಾತು? ಕೊಡೆಯವ ಆಗಿದ್ರೂ ಕೊಡ್ತಿದ್ದೆ, ಗಂಟೆಯವ ಆಗಿದ್ರೂ ಕೊಡ್ತಿದ್ದೆ, ನಮ್ಮವ ಅಲ್ಲದಿದ್ರೆ ಬೈದಾದ್ರೂ ಕೊಡ್ತಿದ್ದೆ. ಬೆನ್ನೆಲುಬೇ ಇಲ್ಲದವನಿಗೆ ಮಗಳನ್ನು ಕೊಡುವುದು ಹೇಗೆ?"

"ಸರಿಯಾಗಿ ಹೇಳಿದ್ರಿ!" ಅಂದ ಪರಮೇಶ್ವರ.

"ನೂರಕ್ಕೆ ನೂರು ಸರಿ!" ಅಂದ ಕೃಷ್ಣಕುಮಾರ.

ಇಬ್ಬರೂ ಒಂದೊಂದು ಕೈ ಹಿಡಿದು ಆದಿರಾಜರನ್ನು ಎತ್ತಿದ್ರು. ಎತ್ತಿದ್ದು ರಸ್ತೆಯ ಕಡೆಗೆ. ಕಾರಿನ ಬಾಗಿಲನ್ನೂ ಹಾಕಿ ಕೊಟ್ರು. ಕಾರು ಮೂಡುಬಿದ್ರೆ ಕಡೆ ತಿರುಗಿತು. ಒಳಗೆ ವಿಮಲಾ ಹೊತ್ತಿಸಿದ ಒಲೆಯ ಮೇಲೆ ಹಾಲು ಉಕ್ಕುತ್ತಾ ಇತ್ತು, ಇಳಿಸುವವರಿಲ್ಲ.

ನನಗೆ ಸಿಟ್ಟು ಬರುವುದು ಹೊಂಡದ ಮೇಲಲ್ಲ ಮಾರಾಯ್ರೆ. ಆ ದಿನದಿಂದ ಊರಲ್ಲಿ ಕೊಡೆಯವರೂ ಗಂಟೆಯವರೂ ಮಾಷ್ಟ್ರನ್ನು ಕಂಡ್ರೆ ಒಂದೇ ಮಾತು ಹೇಳ್ತಾರೆ: "ಪಾಪ, ಒಂದು ಮಾತು ಹೇಳಿಬಿಡ್ಬಹುದಿತ್ತು." ಯಾವ ಮಾತು ಅಂತ ಕೇಳಿದ್ರೆ ಇವರದ್ದು ಒಂದು, ಅವರದ್ದು ಇನ್ನೊಂದು. ಸರಿ, ನೀವೇ ಹೇಳಿ ನೋಡುವ. ಮಾವನಾಗುವವರು ಸೊಂಟದವರೆಗೆ ಕೆಸರಲ್ಲಿ ನಿಂತು ಕೇಳುವಾಗ, ಮಾಷ್ಟ್ರ ಜಾಗದಲ್ಲಿ ನೀವಿದ್ದರೆ ಎಂತ ಹೇಳ್ತಿದ್ರಿ?